ಅಕ್ಕನ ಹಾಡೂ ಐವತ್ತು ಸಾವಿರದ ಯಂತ್ರವೂ

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನಂಥವನು ಕಂಪ್ಯೂಟರಿನ ವಿಷಯವಾಗಿ ಬರೆಯಹೊರಟದ್ದನ್ನು ಕಂಡು ಬಲ್ಲವರು ನಗಬಹುದು. ನಗಲಿ. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ನನ್ನೊಡನೆ ಉಂಡು ಬೆಳೆದ ಗೆಳೆಯರಲ್ಲಿ ಅನೇಕರ ಮನೆಗಳಲ್ಲಿ ಇಂದು ಹಿರಿಯರ ಮಾತು, ಹಾಡು, ಮದುವೆ, ಜಾತ್ರೆಗಳ ವಿಡಿಯೊಗಳು ಮೊಬೈಲುಗಳಲ್ಲಿ ರಾಶಿಯಾಗಿ ಬಿದ್ದಿವೆ. ಅವನ್ನು ಒಪ್ಪಗೊಳಿಸಬೇಕೆಂಬ ಆಸೆಯಿದ್ದೂ, ಯಂತ್ರಕ್ಕೆ ಎಷ್ಟು ಹಣ ಸುರಿಯಬೇಕೋ ಎಂಬ ಅಂಜಿಕೆಯಿಂದ ಸುಮ್ಮನೆ ಕುಳಿತವರಿಗೆ ನನ್ನ ಅನುಭವ ಕಿಂಚಿತ್ತಾದರೂ ಒದಗೀತೆಂದು ಈ ನಾಲ್ಕು ಮಾತು.

ನನ್ನ ಹಿರಿಯಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಜೋಗುಳಗಳೆಲ್ಲ ಅವಳ ನಾಲಗೆಯ ತುದಿಯಲ್ಲಿದ್ದವು. 2022 ಮತ್ತು 2023ರ ಬೇಸಿಗೆಗಳಲ್ಲಿ ನನ್ನ ಮೊಮ್ಮಗ ತನ್ನ ಮೊಬೈಲಿನಲ್ಲಿ ಅವಳ ಹಾಡುಗಳನ್ನು ಹಿಡಿದನು. “ತಮ್ಮಾ, ಈ ಹಳೇ ಪದಾ ಯಾರಿಗಿ ಬೇಕೋ?” ಎನ್ನುತ್ತಲೇ ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದಳು. ಹೀಗೆ 38 ಗಂಟೆಗಳಷ್ಟು ಸಂಗ್ರಹವಾಯಿತು. 2024ರ ಫೆಬ್ರವರಿಯಲ್ಲಿ ಅಕ್ಕ ಲಿಂಗೈಕ್ಯಳಾದಳು. ವರ್ಷದ ಪುಣ್ಯಸ್ಮರಣೆಯ ದಿನ ಅದರಲ್ಲಿ ಆಯ್ದುದನ್ನು ಒಂದು ಗಂಟೆಯ ಚಿತ್ರವಾಗಿ ಜೋಡಿಸಿ ಬಂಧುಗಳಿಗೆ ತೋರಿಸಬೇಕೆಂದು ಸಂಕಲ್ಪ ಮಾಡಿದೆವು. ಅಣ್ಣ ತಮ್ಮಂದಿರೆಲ್ಲ ಸೇರಿ ಕೂಡಿಸಿದ ಹಣ 50,000 ರೂಪಾಯಿ.

ಮೊಮ್ಮಗನೆಂದನು: “ಅಜ್ಜಾ, ಇದು ಫೋರ್‌ಕೆ ವಿಡಿಯೊ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಬೇಕು. ಒಂದೂವರೆ ಲಕ್ಷವಾದರೂ ಬೇಕಾದೀತು.” ಪಟ್ಟಣದ ಅಂಗಡಿಯವರೂ ಅದೇ ಮಾತನ್ನು ಇನ್ನಷ್ಟು ಬಣ್ಣ ಕಟ್ಟಿ ಹೇಳಿದರು. ನಾನು ಸಾಲದ ಯೋಚನೆಯನ್ನೂ ಮಾಡಿದ್ದೆ. ಆಗ ನೆನಪಾದವನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನ್ನ ಹಳೆಯ ವಿದ್ಯಾರ್ಥಿ. ಅವನು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. “ಗುರುಗಳೇ, ಕೊಳ್ಳುವ ಮುನ್ನ ನಿಮ್ಮ ಕೆಲಸ ಎಲ್ಲಿ ತಡೆಯುತ್ತದೆಂಬುದನ್ನು ನೋಡೋಣ” ಎಂದನು. ನನಗೆ ನಮ್ಮ ವಿದ್ಯಾರ್ಥಿನಿಲಯದ ಅಡಿಗೆಯವರು ನೆನಪಾದರು. ಅವರು ದಿನವೂ ಪಂಕ್ತಿಗೆ ಎಷ್ಟು ಜನವೆಂದು ಎಣಿಸಿಕೊಂಡ ಮೇಲೆಯೇ ಒಲೆಗೆ ಯಾವ ಪಾತ್ರೆ ಏರಿಸಬೇಕೆಂಬುದನ್ನು ತೀರ್ಮಾನಿಸುತ್ತಿದ್ದರು.

ಮಗನ ಲ್ಯಾಪ್‌ಟಾಪಿನಲ್ಲಿ ಅಕ್ಕನ ಒಂದು ಹಾಡನ್ನು ಹಾಕಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಂಬುದನ್ನು ಪಕ್ಕದಲ್ಲಿ ತೆರೆದಿಟ್ಟನು. ಚಿತ್ರ ಕುಂಟುತ್ತ ಸಾಗಿತು. ಪ್ರೊಸೆಸರಿನ ಅಂಕಿ ನೂರಕ್ಕೆ ಮುಟ್ಟಿತ್ತು. 8 ಗಿಗಾಬೈಟಿನ ರ್‍ಯಾಮ್ ತುಂಬಿ ತುಳುಕುತ್ತಿತ್ತು. ಆದರೆ ಡಿಸ್ಕು ಮಾತ್ರ ಬಹುಮಟ್ಟಿಗೆ ವಿಶ್ರಾಂತಿಯಲ್ಲಿತ್ತು. ನಮ್ಮ ವಿಡಿಯೊ ಗಂಟೆಗೆ ಸುಮಾರು 20 ಗಿಗಾಬೈಟ್, ಅಂದರೆ ಸೆಕೆಂಡಿಗೆ ಆರು ಮೆಗಾಬೈಟಿನ ಆಸುಪಾಸು. ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ನೂರು ಮೆಗಾಬೈಟನ್ನು ಸೆಕೆಂಡಿಗೆ ಸಲೀಸಾಗಿ ಒದಗಿಸಬಲ್ಲದು. ಎಂದಮೇಲೆ ಕುಂಟುತನಕ್ಕೆ ಕಾರಣ ಬೇರೆಯೇ ಇತ್ತು.

ಆ ಕಾರಣವನ್ನು ಅವನು ವಿವರಿಸಿದ್ದು ಹೀಗೆ. ಫೋರ್‌ಕೆಯ ಒಂದೊಂದು ಚೌಕಟ್ಟಿನಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಅಷ್ಟನ್ನೂ ಪೂರ್ತಿ ಬರೆದಿಟ್ಟರೆ ಯಾವ ಮೊಬೈಲಿಗೂ ಸಾಲದು. ಆದ್ದರಿಂದ ಎಚ್.264, ಎಚ್.265 ಎಂಬ ಸಂಕೋಚನ ಪದ್ಧತಿಗಳಲ್ಲಿ ಕೆಲವೇ ಚೌಕಟ್ಟುಗಳು ಇಡಿಯಾಗಿರುತ್ತವೆ. ಉಳಿದವುಗಳಲ್ಲಿ ನೆರೆಯ ಚೌಕಟ್ಟಿಗಿಂತ ಬದಲಾದದ್ದಷ್ಟೇ ದಾಖಲಾಗಿರುತ್ತದೆ. ಇದು ನಮ್ಮ ಕಿರ್ದಿ ಪುಸ್ತಕವಿದ್ದಂತೆ. ನಡುವಣ ಒಂದು ದಿನದ ಶಿಲ್ಕು ತಿಳಿಯಬೇಕಾದರೆ ಆರಂಭದ ಶಿಲ್ಕಿನಿಂದ ಜಮಾ ಖರ್ಚು ಕೂಡಿಸಿ ಕಳೆಯುತ್ತ ಬರಬೇಕು. ನೇರವಾಗಿ ನೋಡುತ್ತ ಹೋಗುವವನಿಗೆ ಇದು ತೊಡಕಲ್ಲ. ಕತ್ತರಿಸಿ ಜೋಡಿಸುವವನಾದರೋ ಕ್ಷಣಕ್ಕೊಮ್ಮೆ ನಡುವೆ ಜಿಗಿಯುತ್ತಾನೆ. ಯಂತ್ರ ಪ್ರತಿ ಸಲವೂ ಹಿಂದಕ್ಕೆ ಓಡಿ ಲೆಕ್ಕ ಮಾಡಬೇಕಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳು. ಒಂದು, ಈ ಲೆಕ್ಕವನ್ನು ಕ್ಷಿಪ್ರವಾಗಿ ಮಾಡುವ ಬಲಿಷ್ಠ ಯಂತ್ರ. ಇನ್ನೊಂದು, ಖರ್ಚಿಲ್ಲದ ಉಪಾಯ: ಪ್ರಾಕ್ಸಿ. ಪ್ರತಿ ವಿಡಿಯೊಗೂ 960 ಅಡ್ಡ, 540 ಉದ್ದದ ಚಿಕ್ಕ ಬದಲಿ ಪ್ರತಿಯೊಂದನ್ನು ರಾತ್ರಿ ಮಲಗುವ ಮುನ್ನ ತಯಾರಿಸಲು ಹಚ್ಚುವುದು. ಅದರ ಬಿಂದುಗಳು ಮೂಲದ ಹದಿನಾರನೆಯ ಒಂದು ಪಾಲು ಮಾತ್ರ. ಕತ್ತರಿಸುವುದು, ಜೋಡಿಸುವುದು ಎಲ್ಲವೂ ಚಿಕ್ಕ ಪ್ರತಿಯ ಮೇಲೆ. ಕೊನೆಗೆ ಅಂತಿಮ ಚಿತ್ರ ಹೊರಬರುವಾಗ ತಂತ್ರಾಂಶವೇ ಮೂಲವನ್ನು ತೆಗೆದುಕೊಳ್ಳುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್ ಎಂಬ ಉಚಿತ ತಂತ್ರಾಂಶಗಳಲ್ಲಿಯೂ ಈ ಸೌಕರ್ಯವಿದೆ. ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿಯುಂಟು. ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಬಲವನ್ನು ಹೆಚ್ಚು ಬೇಡುತ್ತದೆ. ಬಣ್ಣಗಳನ್ನು ಬಹುವಾಗಿ ತಿದ್ದುವವರಿಗೆ, ಚಮತ್ಕಾರದ ದೃಶ್ಯ ಹೆಣೆಯುವವರಿಗೆ ಆ ಕಾರ್ಡು ಅವಶ್ಯ. ನಮಗಿದ್ದದ್ದು ಒಬ್ಬ ಮುದುಕಿ, ಒಂದು ಬೀಸುವ ಕಲ್ಲು, ಒಂದು ಹಾಡು.

ಹೀಗೆ ಕೆಲಸದ ಅಳತೆ ತಿಳಿದ ಮೇಲೆ ಕೊಳ್ಳುವುದು ಸುಲಭವಾಯಿತು. ಕಚೇರಿಯಲ್ಲಿ ಬಳಸಿ ತೆಗೆದು ಸರಿಪಡಿಸಿದ, ಹತ್ತನೆಯ ಪೀಳಿಗೆಯ ಇಂಟೆಲ್ ಐ5 ಪ್ರೊಸೆಸರಿನ ಮೇಜಿನ ಕಂಪ್ಯೂಟರಿಗೆ 19,000 ರೂಪಾಯಿ. ಅದರಲ್ಲಿದ್ದ 16 ಗಿಗಾಬೈಟ್ ರ್‍ಯಾಮನ್ನು 32ಕ್ಕೆ ಏರಿಸಲು 3,500. ಒಂದು ಟೆರಾಬೈಟಿನ ಎಸ್.ಎಸ್.ಡಿ.ಗೆ 6,000. ಬಳಸಿದ ಮಾನಿಟರಿಗೆ 6,500. ಎರಡೆರಡು ಟೆರಾಬೈಟಿನ ಎರಡು ಹೊರ ಹಾರ್ಡ್ ಡಿಸ್ಕುಗಳಿಗೆ 11,500. ನಮ್ಮೂರಿನ ವಿದ್ಯುತ್ತಿನ ಕಣ್ಣುಮುಚ್ಚಾಲೆಗೆ ಯು.ಪಿ.ಎಸ್. ಒಂದು, 3,500. ಒಟ್ಟು 50,000. ಇವು 2024ರಲ್ಲಿ ನಾನು ತೆತ್ತ ಬೆಲೆಗಳು. ಇಂದು ವಿಚಾರಿಸಿಯೇ ಮುಂದುವರಿಯಬೇಕು.

ಹಳೆಯ ಯಂತ್ರ ಕೊಳ್ಳುವವರು ಎರಡು ಸಂಗತಿ ಗಮನಿಸಬೇಕು. ಇಂಟೆಲ್‌ನ ಅನೇಕ ಪ್ರೊಸೆಸರುಗಳ ಒಳಗೇ ವಿಡಿಯೊ ಬಿಡಿಸುವ ಕ್ವಿಕ್ ಸಿಂಕ್ ಎಂಬ ವಿಶೇಷ ಅಂಗವಿರುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವವುಗಳಲ್ಲಿ ಅಂತರ್ಗತ ಗ್ರಾಫಿಕ್ಸ್ ಇಲ್ಲದ ಕಾರಣ ಆ ಅಂಗವೂ ಇರದು. ಅಂಗಡಿಯವರೊಬ್ಬರು ಅಗ್ಗವೆಂದು ಅದನ್ನೇ ನನ್ನ ಮುಂದಿಟ್ಟಿದ್ದರು. ಕೊಂಡಿದ್ದರೆ ಬೇರೆ ಕಾರ್ಡಿಗೆ ಮತ್ತೆ ಹಣ ತೆರಬೇಕಾಗುತ್ತಿತ್ತು. ಎರಡನೆಯದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಟೆಲ್‌ನ ಎಂಟನೆಯ ಪೀಳಿಗೆಗೆ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ.

ವೇಗಕ್ಕಿಂತ ಡಿಸ್ಕುಗಳಿಗೆ ಇಷ್ಟು ಹಣವೇಕೆಂದು ಮೊಮ್ಮಗ ಕೇಳಿದನು. ಅದಕ್ಕೆ ಉತ್ತರ ನನ್ನ ಬಳಿಯೇ ಇತ್ತು. 2023ರ ಬೇಸಿಗೆಯಲ್ಲಿ ಒಂದು ದಿನ ನಾನೇ ನನ್ನ ಮೊಬೈಲಿನಲ್ಲಿ ಅಕ್ಕನ ಎರಡು ಜೋಗುಳಗಳನ್ನು ಹಿಡಿದಿದ್ದೆ. ಆ ಮೊಬೈಲು ಮಳೆಗಾಲದಲ್ಲಿ ನೀರಿನ ಹೊಂಡಕ್ಕೆ ಬಿದ್ದು ಕೆಟ್ಟಿತು. ‘ಅಕ್ಕ ಇದ್ದಾಳಲ್ಲ, ಮತ್ತೆ ಹಾಡಿಸಿದರಾಯಿತು’ ಎಂದು ಉದಾಸೀನನಾದೆ. ಮತ್ತೆ ಹಾಡಿಸುವ ಹೊತ್ತು ಬರಲಿಲ್ಲ. ವೇಗ ಕಡಿಮೆಯಾದರೆ ಕೆಲಸ ನಾಳೆಗೆ ಹೋದೀತು. ಪ್ರತಿಯೇ ಇಲ್ಲವಾದರೆ ಯಾವ ಯಂತ್ರವೂ ಅದನ್ನು ಮರಳಿ ತಾರದು. ಆದ್ದರಿಂದ ಮೂಲವೆಲ್ಲ ಎರಡು ಡಿಸ್ಕುಗಳಲ್ಲಿ. ಒಂದು ನನ್ನ ಮನೆಯಲ್ಲಿ, ಇನ್ನೊಂದು ಧಾರವಾಡದಲ್ಲಿರುವ ತಮ್ಮನ ಮನೆಯಲ್ಲಿ. ಬದಲಿ ಪ್ರತಿಗಳು ಮಾತ್ರ ಎಸ್.ಎಸ್.ಡಿ.ಯಲ್ಲಿ.

ಕೆಲಸವೇನೂ ನಿರ್ವಿಘ್ನವಾಗಿ ಸಾಗಲಿಲ್ಲ. ಉದ್ದನೆಯ ಹಾಡುಗಳಲ್ಲಿ ಅಕ್ಕನ ತುಟಿ ಒಂದು ಕಡೆ, ದನಿ ಒಂದು ಕಡೆಯಾಯಿತು. ಯಂತ್ರವೇ ದುರ್ಬಲವೆಂದು ಮೊಮ್ಮಗ ಹಂಗಿಸಿದನು. ನಿಜದಲ್ಲಿ ಮೊಬೈಲು ಎಲ್ಲ ಸೆಕೆಂಡಿಗೂ ಒಂದೇ ಸಂಖ್ಯೆಯ ಚೌಕಟ್ಟು ಹಿಡಿಯದಿರುವುದೇ ದೋಷವಾಗಿತ್ತು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಆ ಸಂಖ್ಯೆಯನ್ನು ಸ್ಥಿರಗೊಳಿಸಿದೊಡನೆ ದನಿಯೂ ತುಟಿಯೂ ಕೂಡಿದವು. ಒಂದೂವರೆ ಲಕ್ಷದ ಯಂತ್ರ ತಂದಿದ್ದರೂ ಈ ತೊಡಕು ತಾನಾಗಿ ಬಿಡುತ್ತಿರಲಿಲ್ಲ.

2025ರ ಫೆಬ್ರವರಿಯಲ್ಲಿ, ಪುಣ್ಯಸ್ಮರಣೆಯ ದಿನ, ನಮ್ಮ ಪಡಸಾಲೆಯ ಬಿಳಿಗೋಡೆಯ ಮೇಲೆ ಚಿತ್ರ ಮೂಡಿತು. ಬೀಸುವ ಕಲ್ಲಿನ ಸದ್ದಿನೊಡನೆ ಅಕ್ಕನ ದನಿ ಎದ್ದಾಗ ಸಣ್ಣ ಮಕ್ಕಳೂ ಸುಮ್ಮನಾದರು. ಚಿತ್ರ ಮುಗಿದ ಮೇಲೆ ಅಕ್ಕನ ಮಗಳು, “ಮಾವಾ, ಅವ್ವನ ಜೋಗುಳ ಎಲ್ಲಿ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿ ನಡೆದದ್ದನ್ನು ಹೇಳಿದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, ತೊಡೆಯ ಮೇಲಿದ್ದ ಮೊಮ್ಮಗುವನ್ನು ತಟ್ಟುತ್ತ, ತನಗೆ ನೆನಪಿದ್ದಷ್ಟನ್ನು ಮೆಲ್ಲಗೆ ಹಾಡತೊಡಗಿದಳು. ಎರಡರಲ್ಲಿ ಒಂದು, ಅದೂ ಅರ್ಧ. ಮೊಮ್ಮಗ ಮೊಬೈಲು ಹಿಡಿದನು. ಆ ರಾತ್ರಿ ನಾವು ಮಲಗುವ ಮೊದಲು ಅದರ ಎರಡು ಪ್ರತಿ ಮಾಡಿದೆವು. ತಮ್ಮನು ತನ್ನ ಪಾಲಿನ ಡಿಸ್ಕನ್ನು ಬೆಳಿಗ್ಗೆ ಧಾರವಾಡಕ್ಕೆ ಒಯ್ದನು.