ಡೀಸೆಲ್ ಅಲ್ಲ ಅಪ್ಪ, ಹೈಡ್ರಜೀನ್

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯೋದನ್ನ ಮನೆಯವರೆಲ್ಲ ಟಿವಿ ಮುಂದೆ ಕೂತು ನೋಡಿದೆವು. ಚಪ್ಪಾಳೆ ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದ, "ಅದುಕ್ಕೆ ಯಾವ ಎಣ್ಣೆ ಹಾಕಿರ್ತಾರೆ ಮಗ? ಡೀಸೆಲ್ಲಾ?"

ಪತ್ರಿಕೋದ್ಯಮ ಓದಿದವಳು ನಾನು. ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಅದರ ಹೆಸರು ಮಾನೋಮೀಥೈಲ್ ಹೈಡ್ರಜೀನ್. ಹೈಡ್ರಜೀನ್ ಅನ್ನೋ ರಾಸಾಯನಿಕದ ಮನೆತನದ್ದು. ಯೂರಿಯಾ ಮಾಡಲು ಬಳಸುವ ಅಮೋನಿಯಾ ಈ ಮನೆತನಕ್ಕೆ ದಾಯಾದಿ. ನೋಡಲು ನೀರಿನಂತೆ, ಬಣ್ಣವಿಲ್ಲ. ಇನ್ನೊಂದು ಟ್ಯಾಂಕಿನಲ್ಲಿ ಸಾರಜನಕದ ಆಕ್ಸೈಡ್ ಇರುತ್ತದೆ. ಎರಡೂ ಒಂದನ್ನೊಂದು ಮುಟ್ಟಿದರೆ ಸಾಕು, ಕಡ್ಡಿ ಗೀರುವುದೇ ಬೇಡ, ತಾವೇ ಹೊತ್ತಿಕೊಳ್ಳುತ್ತವೆ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತಲ್ಲ, ಅದರ ನೂರು ಪಟ್ಟು ಅಂದುಕೊಳ್ಳಿ. ಬೇಕಾದಾಗ ಉರಿಸಬಹುದು, ನಿಲ್ಲಿಸಬಹುದು, ಮತ್ತೆ ಉರಿಸಬಹುದು. ಚಂದ್ರನ ಹತ್ತಿರ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಕರೆಯೋಕಾಗಲ್ಲವಲ್ಲ.

ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಕೇಂದ್ರದವರು ಮೇಲಿನ ಉಪಗ್ರಹಗಳನ್ನು ಜಾಗ ತಪ್ಪದಂತೆ ನೋಡಿಕೊಳ್ಳುವುದೂ ಇಂಥ ಇಂಧನದಿಂದಲೇ. ಅದು ತೀರಿದರೆ ಉಪಗ್ರಹದ ಕತೆ ಮುಗೀತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಏಳು ವರ್ಷ ಬಾಳಬೇಕಿತ್ತು. ಇಂಧನ ಖಾಲಿಯಾಗಿ ಸೆಪ್ಟೆಂಬರಿಗೇ ಕೈಬಿಡಬೇಕಾಯ್ತು.

ಆದರೆ ಇದು ಘೋರ ವಿಷ. ಉಸಿರಲ್ಲಿ ಒಳಗೆ ಹೋಗುತ್ತದೆ, ಚರ್ಮದಲ್ಲೂ ಇಳಿಯುತ್ತದೆ. ಲಿವರ್ ಕೆಡಿಸುತ್ತದೆ, ಫಿಟ್ಸ್ ಬರಿಸುತ್ತದೆ. ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಗಾಳಿಯಲ್ಲಿ ಅದು ಸುರಕ್ಷಿತ ಮಿತಿ ದಾಟಿರುತ್ತದೆ. (ಫಿನ್‌ಲೆಂಡಿನಲ್ಲಿ ತಿನ್ನುವ ಒಂದು ಕಾಡಣಬೆಯಿಂದಲೂ ಇದೇ ಮಾನೋಮೀಥೈಲ್ ಹೈಡ್ರಜೀನ್ ಹೊರಡುತ್ತದಂತೆ. ಎರಡು ಸಲ ಬೇಯಿಸಿ ನೀರು ಚೆಲ್ಲಿ, ಕಿಟಕಿ ತೆಗೆದಿಟ್ಟು ಅಡುಗೆ ಮಾಡುತ್ತಾರೆ. ನಾಲಿಗೆ ಚಪಲ ಎಲ್ಲ ಕಡೆ ಒಂದೇ.)

ಓದುತ್ತಾ ಹೋದಂತೆ ನನ್ನ ನಿದ್ದೆ ಕೆಡಿಸಿದ್ದು ಸೋವಿಯತ್ ದೇಶದ ಒಂದು ಘಟನೆ. 1960ರ ಅಕ್ಟೋಬರ್ 24, ಬೈಕನೂರ್ ಉಡಾವಣಾ ಕೇಂದ್ರ. ಆರ್-16 ಕ್ಷಿಪಣಿಗೆ ಹೈಡ್ರಜೀನ್ ಜಾತಿಯದೇ ಇಂಧನ ತುಂಬಿತ್ತು. ನವೆಂಬರ್ 7ರ ಕ್ರಾಂತಿ ದಿನದೊಳಗೆ ಹಾರಿಸಬೇಕೆಂಬ ಅವಸರ. ಸೋರುತ್ತಿದ್ದರೂ ಇಂಧನ ಇಳಿಸದೆ, ಕೆಲಸಗಾರರನ್ನು ಸುತ್ತ ನಿಲ್ಲಿಸಿಕೊಂಡೇ ರಿಪೇರಿ ಮಾಡಿಸಿದರು. ದೊಡ್ಡ ಅಧಿಕಾರಿ ಮಾರ್ಷಲ್ ನೆಡೆಲಿನ್ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೇಲಿನ ಹಂತದ ಇಂಜಿನ್ ತಪ್ಪಿ ಹೊತ್ತಿಕೊಂಡು ಕೆಳಗಿನ ಟ್ಯಾಂಕನ್ನು ಸುಟ್ಟಿತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನೆಡೆಲಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡ ಅಂತ ಸುದ್ದಿ ಕೊಟ್ಟರು, ಉಳಿದವರ ಹೆಸರೇ ಇಲ್ಲ. ಆ ದೇಶದ ಪತ್ರಿಕೆಯಲ್ಲಿ ನಿಜ ಬಂದದ್ದು 1989ರಲ್ಲಿ. ಅಷ್ಟು ವರ್ಷ ಆ ಹೆಂಡತಿ ಮಕ್ಕಳಿಗೆ ಊರವರ ಮುಂದೆ ಏನು ಹೇಳಿಕೋ ಅಂದಿದ್ದರೋ!

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಈಗ ಈ ಇಂಧನ ತುಂಬುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ ಉಡುಪು ಹಾಕಿಕೊಂಡು, ಒಳಗೇ ಬೇರೆ ಗಾಳಿ ಬಿಡಿಸಿಕೊಂಡು ಕೆಲಸ ಮಾಡುತ್ತಾರೆ ಅಂತ ಫೋಟೋ ತೋರಿಸಿದೆ. ಹಿಂದಿನ ವರ್ಷ ಆಲೂಗಡ್ಡೆಗೆ ಔಷಧಿ ಹೊಡೆದು ಬಂದ ರಾತ್ರಿ ಅಪ್ಪ ವಾಂತಿ ಮಾಡಿಕೊಂಡು ಬೆಳಗಿನವರೆಗೂ ನಡುಗಿದ್ದ. ಮೂಗಿಗೆ ಕಟ್ಟಿದ್ದದ್ದು ಒಂದು ಟವೆಲ್ಲು.

ಅಪ್ಪ ಫೋಟೋನ ಬೆರಳಲ್ಲಿ ದೊಡ್ಡದು ಮಾಡಿ ನೋಡಿದ. "ಆ ಬಟ್ಟೆ ಎಷ್ಟಾಗುತ್ತಂತೆ?" ಅಂದ.

ಅದಂತೂ ನಮ್ಮ ಕೈಗೆ ಸಿಗೋದಲ್ಲ. ಹಾಸನದಿಂದ ರಬ್ಬರ್ ಗ್ಲೌಸು, ಒಂದು ಮಾಸ್ಕು ತಂದುಕೊಟ್ಟೆ. ಮಾಸ್ಕು ಹಾಕಿಕೊಳ್ಳುತ್ತಾನೆ. ಗ್ಲೌಸು ಮಾತ್ರ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿದೆ. ಕೈ ಬೆವರುತ್ತಂತೆ.