ಈಜು ಕಲಿಸುವ ಅಪ್ರಮಾದ

ಜೈನ ಮನೆಯಲ್ಲಿ ಹುಟ್ಟಿದ ಮಗುವಿಗೆ ನೀರಿನ ಕುರಿತು ದೊರೆಯುವ ಮೊದಲ ಪಾಠವೆಂದರೆ ಅದನ್ನು ಸೋಸುವುದು. ಕೊಡದ ಬಾಯಿಗೆ ಎರಡು ಮಡಿಕೆಯ ದಪ್ಪ ಬಟ್ಟೆಯನ್ನು ಹಾಸಿ, ನೀರನ್ನು ನಿಧಾನವಾಗಿ ಹೊಯ್ದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮತ್ತೆ ಅದೇ ಜಲಾಶಯಕ್ಕೆ ಸೇರಿಸುವ ಕ್ರಮವನ್ನು ಅಜ್ಜಿಯರು ಮೊಮ್ಮಕ್ಕಳಿಗೆ ತಲೆಮಾರುಗಳಿಂದ ಕಲಿಸುತ್ತ ಬಂದಿದ್ದಾರೆ. ನೀರೇ ಏಕೇಂದ್ರಿಯ ಜೀವಗಳ ಶರೀರವೆಂದು ತಿಳಿದ ಸಮಾಜಕ್ಕೆ ಈ ಎಚ್ಚರ ಸಹಜವಾದುದು. ಆದರೆ ಅದೇ ಮಗು ಅಕಸ್ಮಾತ್ತಾಗಿ ನೀರಿಗೆ ಬಿದ್ದರೆ ಏನು ಮಾಡಬೇಕೆಂಬ ಪಾಠವು ಬಹುಪಾಲು ವರ್ತಕ ಕುಟುಂಬಗಳಲ್ಲಿ ದೊರೆಯುವುದಿಲ್ಲ. ನೀರಿನ ಜೀವಗಳನ್ನು ರಕ್ಷಿಸಲು ಕಲಿತ ಬಾಲಕನು ನೀರಿನಿಂದ ತನ್ನ ಜೀವವನ್ನು ರಕ್ಷಿಸಿಕೊಳ್ಳಲು ಅರಿಯದೆ ಬೆಳೆಯುತ್ತಾನೆ.

ರಾಯಚೂರು ಸೀಮೆಯಲ್ಲಿ ಈ ಕೊರತೆಯನ್ನು ಸಣ್ಣದೆಂದು ತಳ್ಳಿಹಾಕಲಾಗದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ದೋ-ಆಬ್ ಪ್ರದೇಶವಿದು. ದೇವದುರ್ಗದ ಜನರಿಗೆ ಕೃಷ್ಣೆಯೂ ಮಾನ್ವಿಯ ಜನರಿಗೆ ತುಂಗಭದ್ರೆಯೂ ನೆರೆಮನೆಯಿದ್ದಂತೆ. ಇವೆರಡರ ಜತೆಗೆ ನಾರಾಯಣಪುರ ಬಲದಂಡೆ ಕಾಲುವೆ, ತುಂಗಭದ್ರಾ ಎಡದಂಡೆ ಕಾಲುವೆ, ಹೊಲಗಳ ಬಾವಿಗಳು, ಊರ ಕೆರೆಗಳು ಇವೆ. ಬೇಸಿಗೆಯ ಬಿಸಿಲಿಗೆ ಬೆಂದ ಹುಡುಗರು ಇವುಗಳತ್ತ ಓಡುವುದನ್ನು ಯಾವ ತಂದೆಯ ಆಜ್ಞೆಯೂ ಪೂರ್ತಿಯಾಗಿ ತಡೆದದ್ದಿಲ್ಲ. 2020ರ ಆಗಸ್ಟ್ ತಿಂಗಳಲ್ಲಿ ರಾಯಚೂರು ತಾಲೂಕಿನ ಕುರ್ವಕಲಾ ನಡುಗಡ್ಡೆಯ ಸಮೀಪ ಕೃಷ್ಣೆಯಲ್ಲಿ ಹರಿಗೋಲು ಮಗುಚಿದಾಗ ಕೆಲವರು ಪಾರಾದರು, ಕೆಲವರು ನೀರುಪಾಲಾದರು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಈಜು ಬಾರದವನ ಪಾಲಿಗೆ ನೀರು ಯಾವಾಗ ಪರೀಕ್ಷೆಯಾಗಿ ಎದುರಾಗುವುದೆಂದು ಹೇಳಲಾಗದು.

ಆದರೂ ಧರ್ಮಶ್ರದ್ಧೆಯುಳ್ಳ ಶ್ರಾವಕನ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಮರೆಮಾಚುವುದು ಸರಿಯಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿಯನ್ನು ಉರಿಸುವುದು ಮುಂತಾದವನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಹೀಗಿರುವಾಗ ಈಜು ಜಲಕ್ರೀಡೆಯೇ ಆಗಲಿಲ್ಲವೆ? ಅಸಂಖ್ಯಾತ ಜೀವಗಳಿರುವ ನೀರನ್ನು ಕೈಕಾಲುಗಳಿಂದ ಬಡಿಯುವುದು ಶ್ರಾವಕನಿಗೆ ಒಪ್ಪುವುದೆ? ಈಜುಕೊಳದ ನೀರಿಗೆ ಬೆರೆಸುವ ಕ್ಲೋರಿನ್ನಿನ ಪ್ರಶ್ನೆಯೂ ಇದರೊಡನೆ ಸೇರುತ್ತದೆ.

ಆಕ್ಷೇಪಕ್ಕೆ ಉತ್ತರವು ಆ ಲಕ್ಷಣದಲ್ಲಿಯೇ ಇದೆ. ಆಚಾರ್ಯರು ನಿಂದಿಸಿರುವುದು ನಿಷ್ಫಲವಾದ ಆರಂಭವನ್ನು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಆರಂಭೀ, ಉದ್ಯೋಗೀ ಮತ್ತು ವಿರೋಧೀ ಹಿಂಸೆಗಳನ್ನು ವಿವೇಕದಿಂದ ಮಿತಗೊಳಿಸಬೇಕು. ಅನ್ನ ಬೇಯಿಸುವುದರಲ್ಲಿ, ಮನೆ ಕಟ್ಟುವುದರಲ್ಲಿ, ಬಾವಿ ತೋಡಿಸುವುದರಲ್ಲಿ ಆಗುವ ಹಿಂಸೆಯನ್ನು ಒಪ್ಪಿ ನಡೆಯುವ ಗೃಹಸ್ಥನು, ಪ್ರಾಣರಕ್ಷಣೆಯ ವಿದ್ಯೆಯೊಂದನ್ನು ಕಲಿಯುವಾಗ ಆಗುವ ಹಿಂಸೆಯನ್ನು ಮಾತ್ರ ನಿಷಿದ್ಧವೆಂದು ಭಾವಿಸುವುದು ಯುಕ್ತವಲ್ಲ. ಆಚಾರಾಂಗದ ಎರಡನೆಯ ಶ್ರುತಸ್ಕಂಧವು ಸಾಧುವು ದೋಣಿಯನ್ನು ಏರುವಾಗ ಹೇಗೆ ವರ್ತಿಸಬೇಕು, ನೀರಿಗೆ ತಳ್ಳಲ್ಪಟ್ಟರೆ ಹೇಗಿರಬೇಕು ಎಂಬುದನ್ನು ಕೂಡ ವಿಚಾರಿಸಿದೆ. ಮಹಾವ್ರತಿಗಳ ವಿಷಯದಲ್ಲಿಯೇ ಆಗಮವು ನೀರಿನ ಸಂಕಟವನ್ನು ಮರೆತಿಲ್ಲದಿರುವಾಗ ಅಣುವ್ರತಿಯಾದ ಗೃಹಸ್ಥನು ಅದನ್ನು ಮರೆಯಬಾರದು. ಈಜು ಯಾವಾಗ ದೋಷವಾಗುತ್ತದೆಂದರೆ ಅದು ಕಾಲಹರಣದ ಕೋಲಾಹಲವಾದಾಗ. ಯತ್ನಾಚಾರದಿಂದ ಕಲಿತಾಗ ಅದು ಅಪ್ರಮಾದದ ಅಭ್ಯಾಸವೇ ಆಗುತ್ತದೆ.

ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ಬಾವಿಯ ಮೆಟ್ಟಿಲಿನ ಮೇಲೆ ನಿಂತ ಹುಡುಗನನ್ನು ಕಂಡರೆ ತಿಳಿಯುತ್ತದೆ. ಈ ಭಾಗದ ಹಳ್ಳಿಗಳಲ್ಲಿ ಈಜು ಕಲಿಸುವವರು ಕಲಿಯುವವನ ಬೆನ್ನಿಗೋ ನಡುವಿಗೋ ಒಣಗಿದ ಸೋರೆಬುರುಡೆ ಅಥವಾ ಹಗುರವಾದ ಬೆಂಡನ್ನು ಕಟ್ಟುವುದುಂಟು. ಮೊದಲ ದಿನಗಳಲ್ಲಿ ಹುಡುಗನ ನಂಬಿಕೆಯೆಲ್ಲ ಬೆಂಡಿನ ಮೇಲೆ. ಕ್ರಮೇಣ ಕಲಿಸುವವನು ಅದರ ಗಾತ್ರವನ್ನು ಕುಗ್ಗಿಸುತ್ತ ಹೋಗಿ, ಕೊನೆಗೊಂದು ದಿನ ಬಿಚ್ಚಿಬಿಡುತ್ತಾನೆ. ವ್ಯವಹಾರನಯ ಮತ್ತು ನಿಶ್ಚಯನಯಗಳ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಬೋಧಿಸುವುದು ಕಷ್ಟ. ಬೆಂಡನ್ನು ಮೊದಲ ದಿನವೇ ಕಿತ್ತೆಸೆದವನು ಮುಳುಗುತ್ತಾನೆ. ಬೆಂಡನ್ನೇ ಈಜೆಂದು ತಿಳಿದು ಜೀವನವಿಡೀ ಕಟ್ಟಿಕೊಂಡವನು ಎಂದಿಗೂ ಕಲಿಯುವುದಿಲ್ಲ. ಪೂಜೆ, ವ್ರತ, ನಿಯಮಗಳನ್ನು ಅನಾವಶ್ಯಕವೆನ್ನುವ ತರುಣರಿಗೂ, ಅವುಗಳಲ್ಲಿಯೇ ಧರ್ಮ ಮುಗಿಯಿತೆಂದು ತಿಳಿದ ಹಿರಿಯರಿಗೂ ಇಲ್ಲಿ ಸಮನಾದ ಪಾಠವಿದೆ.

ಎರಡನೆಯ ಪಾಠ ತೇಲುವುದು. ಶ್ವಾಸಕೋಶಗಳಲ್ಲಿ ಗಾಳಿ ತುಂಬಿರುವಾಗ ಸಾಮಾನ್ಯವಾಗಿ ಮನುಷ್ಯನ ದೇಹವು ನೀರಿಗಿಂತ ತುಸು ಹಗುರವಾಗಿರುತ್ತದೆ. ಬೆನ್ನ ಮೇಲೆ ಮಲಗಿ, ಕಿವಿಗಳನ್ನು ನೀರಿಗೆ ಬಿಟ್ಟು, ಉಸಿರನ್ನು ಶಾಂತವಾಗಿ ನಡೆಸಿದರೆ ಮುಖವು ಮೇಲೆ ಉಳಿಯುತ್ತದೆ. ಆದರೆ ಭಯಗೊಂಡವನು ಕೈಗಳನ್ನು ನೀರಿನಿಂದ ಮೇಲಕ್ಕೆತ್ತುತ್ತಾನೆ. ಎತ್ತಿದ ಕೈಗಳ ಭಾರವೇ ಅವನ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಕಿರುಚಿದಾಗ ಉಸಿರು ಹೊರಬಿದ್ದು ದೇಹವು ಇನ್ನಷ್ಟು ಭಾರವಾಗುತ್ತದೆ. ಹೀಗೆ ನೀರು ಎಷ್ಟು ಮುಳುಗಿಸುವುದೋ ಅದಕ್ಕಿಂತ ಹೆಚ್ಚಾಗಿ ಕಷಾಯವು ಮುಳುಗಿಸುತ್ತದೆ. ಮಾರುಕಟ್ಟೆಯ ಬೆಲೆ ಕುಸಿದ ದಿನ ರಾಜೇಂದ್ರ ಗಂಜಿನ ವರ್ತಕನು ಭಯದಿಂದ ಮಾಡುವ ವ್ಯವಹಾರವು ಬೆಲೆ ಕುಸಿತಕ್ಕಿಂತ ಹೆಚ್ಚಿನ ನಷ್ಟವನ್ನು ತರುವುದನ್ನು ಬಲ್ಲವರು ಈ ಮಾತನ್ನು ಬೇಗ ಗ್ರಹಿಸುತ್ತಾರೆ. ಸಾಮಾಯಿಕದಲ್ಲಿ ಕುಳಿತು ಸಮಭಾವವನ್ನು ಕುರಿತು ಚಿಂತಿಸುವುದು ಒಂದು ಬಗೆಯಾದರೆ, ಕಾಲಿಗೆ ತಳ ಸಿಗದ ನೀರಿನಲ್ಲಿ ಸಮಭಾವವನ್ನು ಉಳಿಸಿಕೊಳ್ಳುವುದು ಅದರ ಪರೀಕ್ಷೆ.

ಮೂರನೆಯದು ನಿಮಿತ್ತ ಮತ್ತು ಪುರುಷಾರ್ಥಗಳ ಪಾಠ. ಧರ್ಮದ್ರವ್ಯವನ್ನು ವಿವರಿಸುವಾಗ ದ್ರವ್ಯಸಂಗ್ರಹವೇ ಮೊದಲಾದ ಗ್ರಂಥಗಳು ಮೀನು ಮತ್ತು ನೀರಿನ ದೃಷ್ಟಾಂತವನ್ನು ಕೊಡುತ್ತವೆ. ಚಲಿಸುವ ಮೀನಿಗೆ ನೀರು ಸಹಾಯಕ. ಚಲಿಸದ ಮೀನನ್ನು ಅದು ದೂಡುವುದಿಲ್ಲ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ದೃಷ್ಟಾಂತವು ಈಜುವ ಹುಡುಗನಿಗೆ ಅನುಭವವಾಗಿ ದಕ್ಕುತ್ತದೆ. ನಿಂತ ನೀರು ಅವನನ್ನು ಹೊತ್ತಿದೆ, ಆದರೆ ದಡ ಮುಟ್ಟಿಸುವುದಿಲ್ಲ. ಗುರು, ಗ್ರಂಥ, ಬಸದಿ, ಮನೆತನ ಇವೆಲ್ಲವೂ ಹಾಗೆಯೇ ನಿಮಿತ್ತಗಳು. ಕೈಯಾಡಿಸುವ ಕೆಲಸ ಅವನದೇ.

ಬಾವಿಯಲ್ಲಿ ಕಲಿತವನು ನದಿಗೆ ಬಂದಾಗ ಬೇರೆಯೇ ಒಂದು ಸತ್ಯವನ್ನು ಎದುರಿಸುತ್ತಾನೆ. ದೇವದುರ್ಗದಲ್ಲಿ ಮೋಡದ ತುಣುಕೂ ಇಲ್ಲದ ದಿನ ಕೃಷ್ಣೆ ಏರಬಹುದು. ಮಹಾಬಲೇಶ್ವರದ ಘಟ್ಟದಲ್ಲಿ ಸುರಿದ ಮಳೆ ಹಲವು ದಿನಗಳ ಮೇಲೆ, ನಾರಾಯಣಪುರದ ಗೇಟುಗಳನ್ನು ದಾಟಿ, ಹೂವಿನಹೆಡಗಿಯ ಸೇತುವೆಯನ್ನು ಮುಳುಗಿಸುತ್ತದೆ; 2019ರ ಆಗಸ್ಟ್‌ನಲ್ಲಿ ಹಾಗೆ ಆಯಿತು. ಮಲೆನಾಡಿನ ಮಳೆ ಮಾನ್ವಿಯ ಗದ್ದೆಗಳನ್ನು ಹೊಕ್ಕುವುದೂ ಇದೇ ರೀತಿಯಲ್ಲಿ. ಕರ್ಮಬಂಧಕ್ಕೂ ಅದರ ಉದಯಕ್ಕೂ ನಡುವಿನ ಅವಧಿಯನ್ನು ಶಾಸ್ತ್ರವು ಅಬಾಧಾಕಾಲವೆಂದು ಕರೆಯುತ್ತದೆ. ಕಟ್ಟಿದ ಕಾಲ ಬೇರೆ, ಫಲ ಕೊಡುವ ಕಾಲ ಬೇರೆ. ದಡದಲ್ಲಿ ನಿಂತವನಿಗೆ ಇಂದಿನ ಆಕಾಶ ನಿರ್ಮಲವಾಗಿ ಕಂಡರೂ ಮೇಲಣ ಜಲಾಶಯದಲ್ಲಿ ಏನು ಸಂಗ್ರಹವಾಗಿದೆಯೆಂದು ವಿಚಾರಿಸದೆ ಇಳಿಯುವುದು ಅವಿವೇಕ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ನದಿಯು ಅವುಗಳ ಮನೆ. ಆದ್ದರಿಂದ ನದಿಯಲ್ಲಿ ಆಟವಾಡದಿರುವುದು ಸಹ ಈಜು ಬಲ್ಲವನ ವಿದ್ಯೆಯ ಒಂದು ಭಾಗ.

ನದಿಯ ಮೇಲಿನ ಇನ್ನೊಂದು ಸಾಹಸವಿದ್ಯೆ ಹರಿಗೋಲಿನದು. ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯಂತೆ ದುಂಡಾದ, ಬೆತ್ತದಿಂದ ಹೆಣೆದು ಚರ್ಮವನ್ನು ಹೊದಿಸಿದ ದೋಣಿಗಳನ್ನು ತುಂಗಭದ್ರೆಯಲ್ಲಿ ಕಂಡು ಬರೆದಿದ್ದಾನೆ. ಈಗ ಚರ್ಮದ ಬದಲಿಗೆ ಪ್ಲಾಸ್ಟಿಕ್ ಹಾಳೆ, ಡಾಂಬರುಗಳ ಹೊದಿಕೆ ಬಂದಿದೆ. ಪೂರ್ತಿ ಫೈಬರಿನವೂ ಇವೆ. ಅಹಿಂಸಾವ್ರತಿಗೆ ಈ ಬದಲಾವಣೆ ಸಮಾಧಾನ ತರುವಂಥದು. ಮುಂದು ಹಿಂದುಗಳಿಲ್ಲದ ಈ ದೋಣಿಯು ಒಂದೇ ಹುಟ್ಟಿನಿಂದ ನಡೆಯುತ್ತದೆ. ಅಂಬಿಗನ ಗಮನ ತಪ್ಪಿದರೆ ಇದ್ದಲ್ಲಿಯೇ ತಿರುಗುತ್ತದೆ. ಒಬ್ಬನು ಎದ್ದು ನಿಂತರೆ ಎಲ್ಲರಿಗೂ ಅಪಾಯ. ತೂತಿನಿಂದ ನೀರು ಒಳಬರುವುದು ಆಸ್ರವ, ತೂತನ್ನು ಮುಚ್ಚುವುದು ಸಂವರ, ಒಳಬಂದ ನೀರನ್ನು ಮೊಗೆದು ಹಾಕುವುದು ನಿರ್ಜರೆ ಎಂಬ ಪ್ರಸಿದ್ಧ ದೃಷ್ಟಾಂತವನ್ನು ಪ್ರವಚನದಲ್ಲಿ ಕೇಳಿದವರು ಬಹಳ. ತೂತನ್ನು ಮುಚ್ಚದೆ ಮೊಗೆಯುತ್ತಲೇ ಇರುವ ಅಂಬಿಗನ ದಣಿವು ಎಂಥದೆಂದು ಹರಿಗೋಲಿನಲ್ಲಿ ಕುಳಿತವನು ಬಲ್ಲ. ಅನ್ಯಾಯದ ಗಳಿಕೆಯನ್ನು ನಿಲ್ಲಿಸದೆ ದಾನವನ್ನು ಮಾತ್ರ ಹೆಚ್ಚಿಸುತ್ತಿರುವವನ ಸ್ಥಿತಿಯೂ ಅದೇ.

ಹಿಂದಿರುಗುವುದೂ ಒಂದು ಧೈರ್ಯವೆಂಬುದನ್ನು ಆರತಿ ಸಾಹಾ ಅವರ ಜೀವನವು ತೋರಿಸಿಕೊಟ್ಟಿದೆ. 12 ವರ್ಷ ತುಂಬುವ ಮೊದಲೇ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಈಜಿದ್ದ ಕಲ್ಕತ್ತೆಯ ಈ ಬಾಲೆ, 1959ರ ಆಗಸ್ಟ್ 27ರಂದು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದರು. ಹದಿನಾಲ್ಕು ಗಂಟೆಗಳಿಗೂ ಮಿಕ್ಕು ಈಜಿದ ಬಳಿಕ, ದಡವು ಕೆಲವೇ ಮೈಲಿಗಳಿರುವಾಗ, ಎದುರು ಪ್ರವಾಹದ ಕಾರಣ ಪ್ರಯತ್ನವನ್ನು ಕೈಬಿಡಬೇಕಾಯಿತು. 33 ದಿನಗಳ ನಂತರ, ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷಗಳಲ್ಲಿ ದಾಟಿ, ಆ ಕಾಲುವೆಯನ್ನು ಈಜಿದ ಏಷ್ಯದ ಮೊದಲ ಮಹಿಳೆಯಾದರು. ಮೊದಲ ದಿನ ಹಠ ಹಿಡಿದಿದ್ದರೆ ಎರಡನೆಯ ದಿನವೇ ಇರುತ್ತಿರಲಿಲ್ಲ. ಎಡಗೈ ಪೂರ್ಣವಾಗಿ ಬೆಳೆಯದಿದ್ದರೂ ಬೆಂಗಳೂರಿನ ಶರತ್ ಗಾಯಕವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ, 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕಗಳನ್ನು ಗಳಿಸಿದರು. ತಪವೂ ತ್ಯಾಗವೂ ಯಥಾಶಕ್ತಿ ನಡೆಯಬೇಕೆಂದು ಶಾಸ್ತ್ರವು ಹೇಳುವಾಗ, ಆ ಶಕ್ತಿ ಎಷ್ಟೆಂಬುದನ್ನು ಪ್ರಯತ್ನಿಸದೆ ಅಳೆಯಲಾಗದೆಂದು ಅವರ ಸಾಧನೆ ತಿಳಿಸುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಪಾಠವು ಪರರಕ್ಷಣೆಯದು. ಮುಳುಗುತ್ತಿರುವವನನ್ನು ಕಂಡೊಡನೆ ನೀರಿಗೆ ಹಾರುವುದು ದಯೆಯ ಸಹಜ ಪ್ರೇರಣೆ. ಆದರೆ ಮುಳುಗುವವನು ಕೈಗೆ ಸಿಕ್ಕವರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಪ್ರಾಣ ಕಳೆದುಕೊಂಡ ಸುದ್ದಿಗಳು ಬೇಸಿಗೆಯಲ್ಲಿ ಬರುತ್ತಲೇ ಇರುತ್ತವೆ. ಬಲ್ಲವರ ಕ್ರಮ ಬೇರೆ: ಮೊದಲು ಕೂಗಿ ಜನರನ್ನು ಸೇರಿಸುವುದು, ದಡದಿಂದಲೇ ಕೋಲು, ಹಗ್ಗ, ಸೀರೆ, ಧೋತರಗಳನ್ನು ಚಾಚುವುದು, ಖಾಲಿ ಕೊಡವನ್ನೋ ಮುಚ್ಚಳ ಬಿಗಿದ ಡಬ್ಬಿಯನ್ನೋ ತೇಲಲು ಎಸೆಯುವುದು, ತರಬೇತಿ ಪಡೆದವನು ಮಾತ್ರ, ಬೇರೆ ದಾರಿಯಿಲ್ಲದಾಗ, ನೀರಿಗಿಳಿಯುವುದು. ದಶವೈಕಾಲಿಕ ಸೂತ್ರವು ಜ್ಞಾನಕ್ಕೆ ದಯೆಗಿಂತ ಮೊದಲ ಸ್ಥಾನವನ್ನು ಕೊಟ್ಟಿರುವುದರ ಅರ್ಥ ಇಲ್ಲಿ ಸ್ಫುಟವಾಗುತ್ತದೆ. ಅರಿವಿಲ್ಲದ ದಯೆಯು ಮರಣಗಳ ಸಂಖ್ಯೆಯನ್ನು ಹೆಚ್ಚಿಸಬಲ್ಲದು. ಜೀವದಯೆಗಾಗಿ ಪಾಂಜರಪೋಳಗಳನ್ನು ಕಟ್ಟಿ, ಹಕ್ಕಿಗಳಿಗೆ ಕಾಳು ಚೆಲ್ಲಿ, ಸಂವತ್ಸರಕ್ಕೆ ಇಷ್ಟೆಂದು ಹಣವನ್ನು ಎತ್ತಿಡುವ ಸಮಾಜವು ಪಂಚೇಂದ್ರಿಯ ಮನುಷ್ಯನನ್ನು ನೀರಿನಿಂದ ಎತ್ತುವ ವಿದ್ಯೆಯನ್ನು ಕಡೆಗಣಿಸಬಾರದು.

ಹೀಗಿರುವಾಗ ಕುಟುಂಬಗಳೂ ಬಸದಿಗಳ ವಿಶ್ವಸ್ಥ ಮಂಡಳಿಗಳೂ ಮಾಡಬಹುದಾದ ಕಾರ್ಯಗಳು ಕೆಲವಿವೆ. ಬೇಸಿಗೆಯ ಧಾರ್ಮಿಕ ಶಿಬಿರಗಳಲ್ಲಿ ಸ್ತೋತ್ರ, ಕಥೆ, ತತ್ತ್ವಪಾಠಗಳ ಜತೆಗೆ ಕೆಲವು ದಿನಗಳ ಈಜು ಶಿಕ್ಷಣಕ್ಕೆ ಅವಕಾಶವಿರಲಿ. ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ವೇಳೆ, ಅನುಭವಿಗಳಾದ ಶಿಕ್ಷಕರು, ದಡದಲ್ಲಿ ಹಗ್ಗ ಹಿಡಿದು ನಿಲ್ಲುವ ಹಿರಿಯರು ಇರಬೇಕು. ಪಾಠವು ತೇಲುವುದು, ಉಸಿರಾಟ, ದಡ ಸೇರುವುದು, ದಡದಿಂದ ರಕ್ಷಿಸುವುದು ಇಷ್ಟಕ್ಕೆ ಮೀಸಲಾಗಿರಲಿ. ಅವಶ್ಯವಿದ್ದಷ್ಟೇ ಹೊತ್ತು ನೀರಿನಲ್ಲಿದ್ದು, ವ್ಯರ್ಥವಾಗಿ ಕಲಕದೆ, ಸಾಬೂನು, ಎಣ್ಣೆಗಳನ್ನು ಬೆರೆಸದೆ, ಮೇಲೆ ಬಂದ ನಂತರ ಆದ ವಿರಾಧನೆಗೆ ಆಲೋಚನೆ ಮಾಡುವ ರೂಢಿಯನ್ನು ಮಕ್ಕಳಿಗೆ ಹಾಕಬೇಕು. ಕಾಲುವೆಗಳ ಸಿಮೆಂಟಿನ ಇಳಿಜಾರುಗಳಲ್ಲಿ ಪಾಚಿ ಕಟ್ಟಿ ಹಿಡಿತ ಸಿಗದಾದುದರಿಂದ ಈಜು ಬಲ್ಲವರೂ ಅಲ್ಲಿಗೆ ಇಳಿಯಬಾರದೆಂಬುದನ್ನು ಖಂಡಿತವಾಗಿ ಹೇಳಬೇಕು. ಬಸದಿಯ ಬಾವಿಗೆ, ಕ್ಷೇತ್ರದ ಪುಷ್ಕರಿಣಿಗೆ ಕಟಾಂಜನವನ್ನೂ ಪಕ್ಕದಲ್ಲಿ ಉದ್ದನೆಯ ಹಗ್ಗವನ್ನೂ ಇರಿಸಲು ಹೆಚ್ಚಿನ ಹಣ ಬೇಕಾಗುವುದಿಲ್ಲ.

ತೀರ್ಥವೆಂಬ ಶಬ್ದಕ್ಕೆ ನದಿಯನ್ನು ದಾಟುವ ಸ್ಥಳವೆಂದು ಅರ್ಥ. ದಾಟುವ ದಾರಿಯನ್ನು ಮಾಡಿಕೊಟ್ಟವರು ತೀರ್ಥಂಕರರು. ಭವಸಾಗರವನ್ನು ದಾಟುವ ಮಾತನ್ನು ನಿತ್ಯವೂ ಭಕ್ತಿಯಿಂದ ಆಡುವವರ ಮಕ್ಕಳು ಊರ ಬಾವಿಯನ್ನು ದಾಟಲಾರದೆ ಹೋಗುವುದು ಉಚಿತವಲ್ಲ. ಮಹಾವೀರಸ್ವಾಮಿಯು ಗೌತಮ ಗಣಧರರಿಗೆ ಉತ್ತರಾಧ್ಯಯನದಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದು ಪ್ರಮಾದದ ವಿಷಯದಲ್ಲಿ. ಮುಂದಿನ ಬೇಸಿಗೆಯ ಶಿಬಿರದ ಪಟ್ಟಿಯನ್ನು ಸಿದ್ಧಪಡಿಸುವಾಗ ವಿಶ್ವಸ್ಥರು ಈ ಒಂದು ವಿಷಯವನ್ನು ಸೇರಿಸಿದರೆ, ಯಾವುದೋ ಒಂದು ಮನೆಯ ದೀಪ ಆರದೆ ಉಳಿಯಬಹುದು.