ಅವನಿಗೆ ಲೆಕ್ಕ ತಪ್ಪೋದು ಯಾಕೆ?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ನಮ್ಮ ಕೇರಿಗಳಲ್ಲಿ ಯಾರೂ ಬಾಯಿಬಿಟ್ಟು ಮಾತಾಡದ ಒಂದು ಕಾಯಿಲೆ ಬಗ್ಗೆ ಇದು.

ಬೈಪೋಲಾರ್ ಅಂತಾರೆ. ಕೆಲವು ದಿನ, ಕೆಲವು ವಾರ ಮನಸ್ಸು ಏರಿ ಕೂರುತ್ತೆ. ನಿದ್ದೆ ಬೇಡ, ಮಾತು ನಿಲ್ಲಲ್ಲ, ಸಾಲ ಮಾಡಿ ಹಂಚಿಬಿಡೋಷ್ಟು ಹುರುಪು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ಕುಸಿತ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಏರಿದಾಗ "ಗಾಳಿ ಸೋಕೈತೆ" ಅಂತಾರೆ. ಕುಸಿದಾಗ "ಮೈಗಳ್ಳ" ಅಂತಾರೆ. ಎರಡಕ್ಕೂ ತಾಯತ ಕಟ್ಟಿಸ್ತಾರೆ.

ನನ್ನ ಚಿಕ್ಕಪ್ಪನ ಮಗನಿಗೆ ಈ ಕಾಯಿಲೆ. ಅವನನ್ನ ಕೇಳಿಯೇ ಬರೀತಿದೀನಿ, ಹೆಸರು ಹಾಕಲ್ಲ. ಬಿ.ಕಾಂ ಮುಗಿಸಿ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೀತಿದ್ದ. ಚೀಲದ ತೂಕ, ದರ, ಹಮಾಲಿ ಎಲ್ಲಾ ಬಾಯಲ್ಲೇ ಕೂಡಿಸಿ ಹೇಳೋನು. ಕಾಯಿಲೆ ಬಂತು, ಮಾತ್ರೆ ಶುರುವಾಯ್ತು, ಏರಿಳಿತ ನಿಂತಿತು. ಎರಡು ವರ್ಷದಿಂದ ಮನಸ್ಸು ಸಮಾಧಾನವಾಗೇ ಐತೆ. ಆದ್ರೆ ಲೆಕ್ಕ ಮೊದಲಿನಂಗೆ ಕೂಡಲಿಲ್ಲ. "ಅಂಕಿ ಕಣ್ಣಿಗೆ ಕಾಣ್ತವೆ ಕಣಣ್ಣ, ತಲೆಗೆ ಇಳಿಯಲ್ಲ" ಅಂದ. ಮಿಲ್ಲಿನವರು ಏನಂದ್ರು ಗೊತ್ತಾ? "ನಿಮ್ಮೋರಿಗೆ ಲೆಕ್ಕ ಎಲ್ಲಿ ಹತ್ತುತ್ತೆ? ಕೋಟಾದಲ್ಲಿ ಪಾಸಾದೋರು." ಅಷ್ಟು ಹೇಳಿ ಮನೆಗೆ ಕಳಿಸಿದ್ರು.

ಹತ್ತು ವರ್ಷ ಒಂದು ಪೈಸೆ ತಪ್ಪಿಲ್ಲದಂಗೆ ಲೆಕ್ಕ ಬರೆದವನಿಗೆ ಈ ಮಾತು. ಇದಕ್ಕೆ ಬರೀ ಸಿಟ್ಟು ಸಾಲದು, ಉತ್ತರ ಬೇಕಿತ್ತು. ಡಾಕ್ಟರನ್ನ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ತಿಳಿದಿದ್ದನ್ನ ಸರಳವಾಗಿ ಹೇಳ್ತೀನಿ.

ಮೊದಲನೇದು: ಬೈಪೋಲಾರ್ ಇರೋ ಅನೇಕರಿಗೆ ಏರಿಳಿತ ನಿಂತ ಮೇಲೂ ನೆನಪು, ಗಮನ, ಯೋಚನೆಯ ವೇಗ ಸ್ವಲ್ಪ ಕುಂದಿರುತ್ತೆ. ಎಲ್ಲರಿಗೂ ಅಲ್ಲ, ಒಂದೇ ಪ್ರಮಾಣದಲ್ಲೂ ಅಲ್ಲ. ಇದು ಕಾಯಿಲೆಯದೇ ಒಂದು ಭಾಗ. ಮೈಗಳ್ಳತನ ಅಲ್ಲ, ದಡ್ಡತನವೂ ಅಲ್ಲ.

ಎರಡನೇದು: ಇದಕ್ಕೂ ರಕ್ತಕ್ಕೂ ನಂಟಿದೆಯಾ ಅಂತ ಹುಡುಕ್ತಿದಾರೆ. ಗಾಯ ಆದಾಗ ಆ ಜಾಗ ಕೆಂಪಾಗಿ, ಊದಿ, ಬಿಸಿಯಾಗುತ್ತಲ್ಲ, ಅದೇ ಉರಿಯೂತ. ಆಗ ನಮ್ಮ ಕಾವಲು ಕೋಶಗಳು ಇಂಟರ್‌ಲ್ಯೂಕಿನ್-6ನಂಥ ಸಂದೇಶ ಕಳಿಸ್ತವೆ, ಲಿವರ್ ಸಿಆರ್‌ಪಿ ಅನ್ನೋ ಪ್ರೋಟೀನು ಬಿಡುತ್ತೆ. ಕೋವಿಡ್ ಕಾಲದಲ್ಲಿ ಈ ಸಿಆರ್‌ಪಿ ಹೆಸರು ಎಲ್ಲರೂ ಕೇಳಿದೀರಿ. ಗಾಯ ಮಾಗಿದ ಮೇಲೆ ಇದು ಇಳಿಯಬೇಕು. ಕೆಲವರಲ್ಲಿ ಬೂದಿ ಮುಚ್ಚಿದ ಕೆಂಡದಂಗೆ ಸಣ್ಣಗೆ ಉಳಿದುಬಿಡುತ್ತೆ. ಬೈಪೋಲಾರ್ ಇರೋರಲ್ಲಿ ಸಿಆರ್‌ಪಿ ಸರಾಸರಿ ಹೆಚ್ಚಿರುತ್ತೆ, ಮನಸ್ಸು ಏರಿದಾಗ ಇನ್ನೂ ಹೆಚ್ಚು ಅಂತ ಹಲವು ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗ ಕಂಡಿದೆ. 2013ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ ಸಿಆರ್‌ಪಿ ಹೆಚ್ಚಿದ್ದವರು ನೆನಪು, ಗಮನದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ರು. ಎಲ್ಲಾ ಅಧ್ಯಯನಗಳೂ ಹಿಂಗೇ ಹೇಳಲ್ಲ. ನಂಟು ಕಂಡಿದೆ, ಕಾರಣ ಸಾಬೀತಾಗಿಲ್ಲ.

ಇಲ್ಲೇ ನಾವು ಹುಷಾರಾಗಿರಬೇಕು. "ರಕ್ತದಲ್ಲೇ ದೋಷ" ಅನ್ನೋ ಮಾತು ನಮಗೆ ಹೊಸದಲ್ಲ. ಸಾವಿರಾರು ವರ್ಷದಿಂದ ಕೇಳ್ತಾ ಬಂದಿದೀವಿ. ನಾಳೆ ಯಾರೋ ಈ ವಿಜ್ಞಾನವನ್ನೇ ತಿರುಚಿ ಅದನ್ನೇ ಹೇಳಬಹುದು. ಆದ್ರೆ ಸಿಆರ್‌ಪಿ ಜಾತಿ ನೋಡಿ ಏರಲ್ಲ. ಬದುಕು ನೋಡಿ ಏರುತ್ತೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಮಕ್ಕಳನ್ನ ದೊಡ್ಡವರಾಗೋವರೆಗೂ ಗಮನಿಸಿಕೊಂಡು ಬಂದ್ರು. ಚಿಕ್ಕಂದಿನಲ್ಲಿ ಹೊಡೆತ, ತಿರಸ್ಕಾರ ಉಂಡವರಿಗೆ 32ನೇ ವಯಸ್ಸಿನಲ್ಲೂ ಸಿಆರ್‌ಪಿ ಹೆಚ್ಚಿತ್ತು. ಇದು ಬೈಪೋಲಾರ್ ಬಗ್ಗೆ ಮಾಡಿದ ಅಧ್ಯಯನ ಅಲ್ಲ, ಜಾತಿ ಬಗ್ಗೆಯೂ ಅಲ್ಲ. ಆದ್ರೂ ಹೋಟೆಲಿನಲ್ಲಿ ಬೇರೆ ಲೋಟ, ಶಾಲೆಯಲ್ಲಿ ಕಡೇ ಸಾಲು ಕಂಡು ಬೆಳೆದ ನಮಗೆ ಒಂದು ಮಾತು ಅರ್ಥವಾಗುತ್ತೆ. ಅವಮಾನವನ್ನ ಮನಸ್ಸು ಮರೆತರೂ ಮೈ ಮರೆಯಲ್ಲ.

ಮೂರನೇದು, ಇದನ್ನ ದಯವಿಟ್ಟು ಎರಡು ಸಲ ಓದಿ. "ಉರಿಯೂತ ಅಂದ್ರಲ್ಲ, ಉರಿಯೂತದ ಮಾತ್ರೆ ನುಂಗಿದ್ರಾಯ್ತು" ಅಂತ ಯಾರೂ ಹೊರಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಮೈಕೈ ನೋವಿಗೆ ಕೊಡೋ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇವೆಯಲ್ಲ, ಬೈಪೋಲಾರಿಗೆ ಲಿಥಿಯಂ ತಗೊಳ್ಳೋರಿಗೆ ಅವು ಅಪಾಯ. ಲಿಥಿಯಂ ಮೈಯಲ್ಲೇ ಉಳಿದು ವಿಷವಾಗಬಹುದು. ನಮ್ಮ ಬಯಲುಸೀಮೆ ಬಿಸಿಲಲ್ಲಿ ಬೆವರು ಹರಿದು ನೀರು, ಉಪ್ಪು ಕಳೆದರೂ, ವಾಂತಿ ಭೇದಿ ಆದ್ರೂ ಹಂಗೇ. ಕೈ ಜೋರಾಗಿ ನಡುಗೋದು, ನಾಲಿಗೆ ತೊದಲೋದು, ಹೆಜ್ಜೆ ತಪ್ಪೋದು ಕಂಡ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಂಗಂತ ಹೆದರಿ ಲಿಥಿಯಂ ಬಿಡಿಸಬೇಡಿ. 1949ರಿಂದ ಬಳಕೆಯಲ್ಲಿರೋ, ಎಷ್ಟೋ ಜೀವ ಉಳಿಸಿರೋ ಔಷಧ ಅದು.

ಸಿಆರ್‌ಪಿ ಪರೀಕ್ಷೆಗೆ ಲ್ಯಾಬಿಗೆ ದುಡ್ಡು ಸುರಿಯೋದೂ ಬೇಡ. ಹಲ್ಲು ಕೀವಾದ್ರೂ, ಬೀಡಿ ಸೇದಿದ್ರೂ, ಹೊಟ್ಟೆ ಬೆಳೆದ್ರೂ ಅದು ಏರುತ್ತೆ. ಅದರಿಂದ ಬೈಪೋಲಾರ್ ಇದೆಯಾ ಇಲ್ವಾ ಅಂತ ಹೇಳೋಕೆ ಬರಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ದುಬಾರಿ ಉರಿಯೂತದ ಇಂಜೆಕ್ಷನ್ನನ್ನ ಬೈಪೋಲಾರ್ ಖಿನ್ನತೆಗೆ ಪ್ರಯೋಗಿಸಿ 2019ರಲ್ಲಿ ಫಲಿತಾಂಶ ಕೊಟ್ರು. ಒಟ್ಟಾರೆ ಲಾಭ ಕಾಣಲಿಲ್ಲ. ಚಿಕ್ಕಂದಿನಲ್ಲಿ ಹೊಡೆತ ತಿಂದಿದ್ದವರಲ್ಲಿ ಮಾತ್ರ ಸ್ವಲ್ಪ ಸುಧಾರಣೆ ಕಂಡಿತು. ಅದು ಮುಂದಿನ ಸಂಶೋಧನೆಗೆ ದಾರಿ, ಇವತ್ತಿನ ಚಿಕಿತ್ಸೆ ಅಲ್ಲ.

ಇವತ್ತು ಮಾಡಿಸಬೇಕಾದ್ದು ಬೇರೆ ಇದೆ. ರಕ್ತದಲ್ಲಿ ಲಿಥಿಯಂ ಮಟ್ಟ, ಕಿಡ್ನಿ, ಥೈರಾಯ್ಡ್ ಪರೀಕ್ಷೆ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಕುಗ್ಗಿಸುತ್ತೆ, ಅದರಿಂದಲೂ ತಲೆ ಮಂದವಾಗುತ್ತೆ. ಅದಕ್ಕೆ ಮಾತ್ರೆ ಇದೆ. ನಿದ್ದೆ ಸರಿಯಾಗಬೇಕು, ಶುಗರ್, ಬಿಪಿ ನೋಡಿಸಬೇಕು, ಬೀಡಿ, ಹೆಂಡ ಬಿಡಿಸಬೇಕು.

ಈಗ ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅಂಗವೈಕಲ್ಯ ಅಳೆಯುವಾಗ ಮಾತು-ತಿಳಿವಳಿಕೆ, ಕೆಲಸ ಮಾಡೋ ಶಕ್ತಿ ಎರಡನ್ನೂ ನೋಡ್ತಾರೆ. ಹಾಗಾಗಿ ಮನಸ್ಸು ಸಮಾಧಾನ ಆದ ಮೇಲೂ ಉಳಿದ ತೊಂದರೆಯನ್ನ ಡಾಕ್ಟರಿಗೆ ಬಿಡಿಸಿ ಹೇಳಿ, ಬರೆಸಿ. ಸರ್ಕಾರಿ ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ಕೆಲಸದಿಂದ ತೆಗೆಯೋ ಹಂಗಿಲ್ಲ, ಹುದ್ದೆ ಇಳಿಸೋ ಹಂಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯೋದನ್ನ ಹಕ್ಕು ಮಾಡಿದೆ.

ಆದ್ರೆ ನೆಲದ ಮೇಲೆ? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಪ್ರಕಾರ ಬೈಪೋಲಾರ್ ಇರೋ ಹತ್ತು ಜನರಲ್ಲಿ ಏಳು ಜನಕ್ಕೆ ಚಿಕಿತ್ಸೆ ಸಿಗ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ಮೊಳಕಾಲ್ಮೂರಿನ ಪಕ್ಕದ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ. ನಮ್ಮ ಕುದಾಪುರದ ಕಾವಲಿನಲ್ಲಿ ಐಐಎಸ್ಸಿ, ಡಿಆರ್‌ಡಿಒ, ಬಿಎಆರ್‌ಸಿ ಬಂದು ಕೂತಿವೆ. ವಿಜ್ಞಾನಕ್ಕೆ ಕಾವಲು ಕೊಟ್ಟ ತಾಲೂಕಿನ ಜನ ಲಿಥಿಯಂ ಮಟ್ಟದ ಒಂದು ಪರೀಕ್ಷೆಯನ್ನ ತಾಲೂಕು ಆಸ್ಪತ್ರೆಯಲ್ಲೇ ಕೇಳೋದು ದುರಾಸೆ ಏನಲ್ಲ.

ನಮ್ಮ ಮುಂದಿನ ಮನವಿಗಳಲ್ಲಿ ಸ್ಮಶಾನದ ಜಾಗ, ಹಾಸ್ಟೆಲ್ ಊಟದ ಜೊತೆ ಇದನ್ನೂ ಸೇರಿಸೋಣ: ಎರಡೂ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು, ತಪ್ಪದೆ ಮಾತ್ರೆ, ರಕ್ತಪರೀಕ್ಷೆ. ಅಲ್ಲೀವರೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡೋದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲೂ ಇಂಥವರಿದ್ರೆ ನನಗೆ ಮೆಸೇಜ್ ಮಾಡಿ. ಸರ್ಟಿಫಿಕೇಟಿನ ಅರ್ಜಿ ತುಂಬಿಕೊಡೋದು ಗುಮಾಸ್ತನಾದ ನನಗೆ ಬರೋ ಕೆಲಸ, ಮಾಡಿಕೊಡ್ತೀನಿ.

ಜೈ ಭೀಮ್.